ನೂರಾ ಹನ್ನೆರಡು ಮೆಟ್ಟಿಲು

“ಇವತ್ತಿಗೆ ನಾಲ್ಕನೇ ದಿನ ಗೇಟು ದಾಟಿ ಎಡಕ್ಕೆ ತಿರುಗ್ತಿದೀನಿ. ಮೆಟ್ಟಿಲು ಎಲ್ರೀ?” ಎಂದು ಟೈಲರಮ್ಮ ಕೇಳಿದಾಗ ಅವಳ ಗಂಡ ಕ್ಯಾಪ್ಟನ್ ಒಂದು ಕೆನ್ನೆ ಮಾತ್ರ ಬೋಳಿಸಿ ಮುಗಿಸಿದ್ದ.

ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಯಂತ್ರದ ಮೇಲೆ ಮಾತ್ರ ಬಟ್ಟೆ ಇರಲಿಲ್ಲ. ಮಗಳು ಕೊಡಿಸಿದ ಫೋನನ್ನು ದಾರದ ರೀಲುಗಳಿಗೆ ಒರಗಿಸಿ ನಿಲ್ಲಿಸಿದ್ದಳು. ಪ್ರಪಂಚದ ಯಾವ ಬೀದಿಯಲ್ಲಿ ಬೇಕಾದರೂ ಬೆರಳಿನಿಂದ ನಡೆಯಬಹುದಾದ ನಕ್ಷೆಯೊಂದು ಅದರಲ್ಲಿತ್ತು. ಪಕ್ಕದಲ್ಲಿ ಮಡಿಕೆ ಮಡಿಕೆಗೂ ಹರಿಯುತ್ತಿದ್ದ ಹಳೆಯ ಕಾಗದ. ಅದು ಹಾರದಿರಲೆಂದು ಮೇಲೆ ಕತ್ತರಿ ಇಟ್ಟಿದ್ದಳು.

ಕ್ಯಾಪ್ಟನ್ ಎಂಬುದು ಬೀದಿಯವರು ಕೊಟ್ಟ ಬಿರುದು. ಇಪ್ಪತ್ತಾರು ವರ್ಷ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್ ಆಗಿದ್ದವನು ಅದನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಮುಟ್ಟಿದ ಪ್ರತಿ ಬಂದರಿನಿಂದಲೂ ಹೆಂಡತಿಗೆ ಎರಡು ಪುಟ ಬರೆಯುತ್ತಿದ್ದ. ಅದನ್ನು ಅವಳು ಮಕ್ಕಳಿಗೆ ಓದಿ ಹೇಳುತ್ತಿದ್ದಳು, ಅಳತೆ ಕೊಡಲು ಬಂದವರಿಗೂ ಓದಿ ಹೇಳುತ್ತಿದ್ದಳು. ಬೀದಿಯಲ್ಲಿ ಯಾರಿಗಾದರೂ ಹೊರದೇಶದ ಬಗ್ಗೆ ಅನುಮಾನ ಬಂದರೆ ಕ್ಯಾಪ್ಟನ್ ಮನೆಯ ಕಡೆ ಕೈ ತೋರಿಸುವುದು ವಾಡಿಕೆಯಾಯಿತು.

“ಯಾವ ಊರು?” ಎಂದ ಕ್ಯಾಪ್ಟನ್, ರೇಜರ್ ಇಳಿಸಿ.

“ನೂರಾ ಹನ್ನೆರಡು ಮೆಟ್ಟಿಲಿನ ಊರು.” ಅವಳು ಕಾಗದ ಎತ್ತಿಕೊಂಡು ಓದಿದಳು. “‘ಬಂದರಿನ ಗೇಟು ದಾಟಿ ಎಡಕ್ಕೆ ತಿರುಗಿದರೆ ಗುಡ್ಡ. ನೂರಾ ಹನ್ನೆರಡು ಮೆಟ್ಟಿಲು. ತುದಿಯಲ್ಲಿ ಬ್ರೆಡ್ಡಿನ ಅಂಗಡಿ. ಅದರ ಕಿಟಕಿಯಲ್ಲಿ ಯಾವಾಗ ಹೋದರೂ ಒಂದು ಬೂದು ಬೆಕ್ಕು ಮಲಗಿರುತ್ತದೆ.’ ಇಲ್ಲಿ ನೋಡಿದ್ರೆ ಎಣ್ಣೆ ಟ್ಯಾಂಕಿನ ಗೋಡೆ. ನಡೆದಷ್ಟೂ ಗೋಡೆ.”

“ಹಳೇ ಮಾತು ಅದು. ಮೆಟ್ಟಿಲು ಕೆಡವಿರ್ತಾರೆ.”

“ಗುಡ್ಡಾನೂ ಕೆಡವಿದ್ರಾ?”

“ಈಗ ಎಂತೆಂಥ ಯಂತ್ರ ಬಂದಿವೆ. ಗುಡ್ಡ ಯಾವ ಲೆಕ್ಕ?”

“ಕಾಗೆ ಹಾರಿಸ್ಬೇಡಿ. ಬೆಕ್ಕು?”

ಕ್ಯಾಪ್ಟನ್ ರೇಜರನ್ನು ನೀರಿನಲ್ಲಿ ಅದ್ದಿ ಅಲ್ಲಾಡಿಸತೊಡಗಿದ. ಇನ್ನೊಂದು ಕೆನ್ನೆಯ ಸೋಪು ಒಣಗತೊಡಗಿತ್ತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನೋಣವೆಂದರೆ ಅವನಿಗೆ ಮೀಸೆಯೂ ಇರಲಿಲ್ಲ.

“ಹೋದ ವಾರ ನೀವು ಬರೆದ ಕಂಬಳಿ ಸಂತೆಯ ಊರಿಗೆ ಹೋಗಿದ್ದೆ. ಸಂತೇನೂ ಇಲ್ಲ, ಸಂತೆ ನಡೆಯೋ ಜಾಗಾನೂ ಇಲ್ಲ. ಅದಕ್ಕೂ ಮುಂಚೆ ನೀಲಿ ಬಾಗಿಲುಗಳ ಊರು. ಒಂದು ಬಾಗಿಲೂ ನೀಲಿ ಇರ್ಲಿಲ್ಲ. ಬಣ್ಣ ಬದಲಾಯಿಸಿರ್ಬಹುದು ಅಂತ ಸುಮ್ಮನಾದೆ.” ಅವಳ ದನಿಯಲ್ಲಿ ಜಗಳವಿರಲಿಲ್ಲ. ಒಂದು ತೋಳು ಗಿಡ್ಡವಾಗಿದೆ ಎಂದು ಗಿರಾಕಿಗೆ ತಾನೇ ತೋರಿಸುವಾಗಿನ ದನಿ ಅದು. “ಮಕ್ಕಳಿಬ್ಬರಿಗೂ ಒಟ್ಟಿಗೆ ದಡಾರ ಎದ್ದಾಗ, ನಿಮ್ಮಪ್ಪ ಹಾಸಿಗೆ ಹಿಡಿದಾಗ, ನಾನು ಹೊಲೀತಾ ಹೊಲೀತಾ ಈ ಮೆಟ್ಟಿಲು ಹತ್ತುತ್ತಿದ್ದೆ ಕಣ್ರೀ. ಎಣಿಸಿಕೊಂಡು. ನೂರಾ ಹನ್ನೆರಡಕ್ಕೆ ಬೆಕ್ಕು ಸಿಗೋದು. ಅದನ್ನ ನೋಡ್ಕೊಂಡು ಬಂದು ಅಡುಗೆಗೆ ಏಳ್ತಿದ್ದೆ. ಇಷ್ಟು ವರ್ಷ ನಾನು ಹತ್ತಿದ್ದು ಎಲ್ಲಿಗೆ ಅಂತ ನನಗೆ ಗೊತ್ತಾಗ್ಬೇಕು.”

ಕ್ಯಾಪ್ಟನ್ ಟವೆಲಿನಿಂದ ಸೋಪು ಒರೆಸಿಕೊಂಡು, ಅರ್ಧ ಗಡ್ಡದಲ್ಲೇ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತ.

“ಹಡಗು ಓಡೋವಾಗ ಎಂಜಿನ್ ಬಿಚ್ಚೋಕಾಗಲ್ಲ ಕಣೇ. ಬಂದರಿಗೆ ಬಂದು ನಿಂತ ಮೇಲೇ ಬಿಚ್ಚೋದು. ಮಿಕ್ಕೋರು ಸ್ನಾನ ಮಾಡಿ, ತಲೆ ಬಾಚ್ಕೊಂಡು ಊರು ನೋಡೋಕೆ ಇಳಿಯೋರು. ನಾವು ಎಂಜಿನ್ ಒಳಕ್ಕೆ ಇಳೀತಿದ್ವಿ. ಎಲ್ಲ ಜೋಡಿಸಿ ಮೇಲೆ ಬರೋ ಹೊತ್ತಿಗೆ ಹಡಗು ಹೊರಟಿರೋದು.” ಕೈಯಲ್ಲಿದ್ದ ಟವೆಲನ್ನು ನಾಲ್ಕಾಗಿ ಮಡಚಿದ, ಮತ್ತೆ ಬಿಡಿಸಿದ. “ಆ ಊರಿಗೆ ಹನ್ನೊಂದು ಸಲ ಹೋಗಿದೀನಿ. ಗೇಟು ಯಾವ ಕಡೆ ಇದೆ ಅಂತ ಕೂಡ ಗೊತ್ತಿಲ್ಲ. ನೀನು ಇಲ್ಲಿ ಕಾಗದಕ್ಕೆ ಕಾಯ್ತಿರ್ತೀಯ. ಪಿಸ್ಟನ್ ರಿಂಗು ಬದಲಾಯಿಸಿದೆ ಅಂತ ಎರಡು ಪುಟ ಹೇಗೆ ಬರೀಲಿ?”

“ಬರೆದಿದ್ರೆ ಓದ್ತಿದ್ದೆ,” ಎಂದಳು ಟೈಲರಮ್ಮ.

ಅವಳಿಗೆ ಸಿಟ್ಟು ಬಂದಿತ್ತು, ಮುಖ್ಯವಾಗಿ ಬೆಕ್ಕಿನ ಬಗ್ಗೆ. ಇಪ್ಪತ್ತಾರು ವರ್ಷ ಒಂದು ಕಿಟಕಿಯೂ ಇಲ್ಲದ ಕಡೆ ಕೂತು ಕಿಟಕಿಗಳ ಬಗ್ಗೆ ಬರೆದ ಮನುಷ್ಯನನ್ನು ನೋಡಿ ಅಯ್ಯೋ ಎಂದೂ ಅನ್ನಿಸಿತು. ಎರಡನ್ನೂ ತೋರಿಸಿಕೊಳ್ಳದೆ, ಕಾಗದವನ್ನು ಅದೇ ಹಳೆಯ ಮಡಿಕೆಗಳಲ್ಲಿ ಮಡಚಿ ಗುಂಡಿಗಳ ಡಬ್ಬಿಯಲ್ಲಿಟ್ಟಳು. ಆಮೇಲೆ ಫೋನನ್ನು ಇಬ್ಬರಿಗೂ ಕಾಣುವಂತೆ ನಡುವೆ ಸರಿಸಿದಳು.

“ಎಡಕ್ಕೆ ಏನೂ ಇಲ್ಲ ಅಂತ ಬಲಕ್ಕೂ ಹೋಗಿ ನೋಡಿದೆ. ಆ ಕಡೆ ಮೆಟ್ಟಿಲಿವೆ. ನಲವತ್ತಮೂರೇ. ತುದೀಲಿ ಚಪ್ಪಲಿ ರಿಪೇರಿ ಅಂಗಡಿ ಇದೆ, ಪಾಪ, ಗಿರಾಕಿ ಒಬ್ಬರೂ ಇಲ್ಲ. ಬರ್ತೀರಾ?”

ಕ್ಯಾಪ್ಟನ್ ಕನ್ನಡಕ ಹುಡುಕಿ ಹಾಕಿಕೊಂಡ. ಬಿಸಿಲು ಬಿದ್ದ ಒಂದು ಬೀದಿ ಕಾಣಿಸಿತು. ಅದರ ಮೇಲೆ ಬೆರಳಿಟ್ಟದ್ದೇ ತಡ, ಬೀದಿ ಗಿರ್ರನೆ ತಿರುಗಿ ಬರೀ ಆಕಾಶವಾಯಿತು. ಟೈಲರಮ್ಮ ಅವನ ಬೆರಳು ಹಿಡಿದು ಮತ್ತೆ ನೆಲಕ್ಕೆ ಇಳಿಸಿದಳು.

“ನಿಧಾನಕ್ಕೆ ಬನ್ನಿ,” ಎಂದಳು. “ನಿಮಗೆ ಊರು ಹೊಸದು.”