ಮೂಲೆಯ ಫೋಟೋ

ಆ ಹೆಂಗಸು ಫೋಟೋದ ಮುಂದೆ ನಿಂತು ಚಪ್ಪಲಿ ಬಿಟ್ಟಾಗ ಆತ್ರೇಯನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಬಸವನಗುಡಿಯ ಆ ಕಾಲೇಜಿನ ಛಾಯಾಚಿತ್ರ ಪ್ರದರ್ಶನದಲ್ಲಿ ಅವನದು ಒಂದೇ ಚಿತ್ರ. ಕಪ್ಪು ಬಿಳುಪು. ಶಂಕರಪುರಂನಲ್ಲಿ ಅವನ ಎದುರುಮನೆಯ ಚಂದ್ರಶೇಖರಯ್ಯ ಮೇಷ್ಟ್ರು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು ಮೇಲೆ ನೋಡುತ್ತಿದ್ದಾರೆ, ಅಷ್ಟೆ. ಅದನ್ನು ಹಾಲಿನ ಮೂಲೆಯಲ್ಲಿ, ಸ್ವಿಚ್ ಬೋರ್ಡಿನ ಪಕ್ಕ ತೂಗುಹಾಕಿದ್ದರು. ಬಾಗಿಲಲ್ಲೇ ಗೆಳೆಯ ವಸಂತನ ಸೂರ್ಯಾಸ್ತ. ಅದರ ಮುಂದೆ ಸೆಲ್ಫಿಗೆ ನೂಕುನುಗ್ಗಲು. ತನ್ನ ಮೂಲೆಗೆ ಒಬ್ಬರೂ ಬಾರದಿದ್ದರೆ ಕ್ಯಾಮೆರಾ ಮಾರಿ, ಅಪ್ಪ ಹೇಳಿದಂತೆ ಬ್ಯಾಂಕ್ ಪರೀಕ್ಷೆಗೆ ಓದುವುದೆಂದು ಆತ್ರೇಯ ತೀರ್ಮಾನಿಸಿದ್ದ. ಉದ್ಘಾಟನೆಗೆ ಬರುವ ಧೈರ್ಯವಾಗದೆ ಗಾಂಧಿಬಜಾರಿನಲ್ಲಿ ಸುಮ್ಮನೆ ಅಲೆದು, ಮಧ್ಯಾಹ್ನ ಮೆಲ್ಲಗೆ ಒಳಗೆ ಬಂದು ಒಂದು ಕಂಬದ ಮರೆಗೆ ನಿಂತಿದ್ದ.

ನೋಡಿದರೆ, ಜನ ನಿಲ್ಲುತ್ತಿದ್ದರು! ಕಂಬದ ಮರೆಯಿಂದ ಅವನಿಗೆ ಕಾಣುತ್ತಿದ್ದುದು ಬರೀ ಬೆನ್ನುಗಳು. ಹರಟುತ್ತ ಬಂದವರು ಆ ಮೂಲೆ ತಲುಪಿದೊಡನೆ ಬಾಯಿ ಮುಚ್ಚುತ್ತಿದ್ದರು. ಒಬ್ಬ ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆದ. ಇನ್ನೊಬ್ಬರು ಕೈಕಟ್ಟಿ ತಲೆ ತಗ್ಗಿಸಿದರು. ಎಷ್ಟೋ ದಿನ ಬೆನ್ನುಹತ್ತಿ ಅವನು ಆ ಚಿತ್ರದಲ್ಲಿ ಹಿಡಿದ ಮೌನ ಯಾರಿಗೂ ವಿವರಿಸದೆ ತಾನಾಗಿ ಜನರನ್ನು ತಲುಪಿತ್ತು. ಆತ್ರೇಯ ಕಂಬಕ್ಕೆ ಹಣೆ ಒತ್ತಿ ಕಣ್ಣು ಮುಚ್ಚಿದ.

"ಎಂಥಾ ಕಳೆ ನೋಡ್ರೀ ಮುಖದಲ್ಲಿ," ಚಪ್ಪಲಿ ಬಿಟ್ಟ ಹೆಂಗಸು ಪಕ್ಕದವರಿಗೆ ಪಿಸುಗುಟ್ಟಿದರು. "ದೇವರನ್ನೇ ನೋಡ್ತಿರೋ ಹಾಗಿದೆ."

ಫೋಟೋ ತೆಗೆದ ದಿನ ಬೀದಿಯಲ್ಲಿ ಕರೆಂಟ್ ಹೋಗಿತ್ತು. ಮೇಷ್ಟ್ರು ನೋಡುತ್ತಿದ್ದುದು ಲೈಟ್ ಕಂಬ ಹತ್ತಿದ ಲೈನ್‌ಮನ್‌ನನ್ನು. ಇರಲಿ, ಕಲೆ ಎಂದರೆ ಇದೇ ಅಲ್ಲವೆ ಅಂದುಕೊಂಡ ಆತ್ರೇಯ.

"ಪಾಪ," ಎಂದರು ಪಕ್ಕದವರು. "ಯಾವಾಗ ಹೋದ್ರಂತೆ?"

ಆತ್ರೇಯ ಕಣ್ಣು ಬಿಟ್ಟ. ಜನರ ನಡುವೆ ನುಗ್ಗಿ ನೋಡಿದ. ಫ್ರೇಮಿನ ತುಂಬ ದಪ್ಪನೆಯ ಸುಗಂಧರಾಜದ ಹಾರ. ಅದರ ಕೆಳಗೇ, ಉದ್ಘಾಟನೆಗೆ ಹಚ್ಚಿದ ದೀಪ ಇನ್ನೂ ಉರಿಯುತ್ತಿತ್ತು.

"ನಾನೇ ಮಗಾ ಹಾಕಿದ್ದು," ಎಂದ ವಸಂತ, ಆತ್ರೇಯ ಅವನ ಕೈ ಹಿಡಿದು ಆಚೆ ಎಳೆದಾಗ. "ಚೀಫ್ ಗೆಸ್ಟು ಹಾರ ತೆಗೆದು ನನ್ ಕೈಗೆ ಕೊಟ್ಬಿಟ್ರು. ನೆಲದ ಮೇಲೆ ಇಡಕ್ಕಾಗತ್ತಾ? ನಿನ್ ಫೋಟೋದ ಮೊಳೆ ಸ್ವಲ್ಪ ಉದ್ದ ಇತ್ತು. ದೀಪ ದಾರಿಗೆ ಅಡ್ಡ ಆಗ್ತಿತ್ತು, ಮೂಲೆಗೆ ಸರಿಸಿದ್ವಿ."

"ಮನುಷ್ಯ ಬದುಕಿದಾರೆ ಕಣೋ! ಫೋಟೋ ನೋಡಕ್ಕೆ ಇವತ್ತು ಬರ್ತೀನಿ ಅಂದಿದಾರೆ!"

ವಸಂತ ಬಾಗಿಲ ಕಡೆ ನೋಡಿದ. "ಕೈಯಲ್ಲಿ ಕೊಡೆ ಇರತ್ತಾ ಗುರು?"

"ಯಾವಾಗ್ಲೂ. ಯಾಕೆ?"

"ಬಂದ್ರು."

ಮೇಷ್ಟ್ರ ಕೊಡೆ ಮಳೆಗಲ್ಲ, ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದವರನ್ನು ತಿವಿಯುವುದಕ್ಕೆ. ಆ ಬೀದಿಯಲ್ಲಿ ಅವರ ಬಾಯಿಗೆ ಸಿಕ್ಕದವರಿರಲಿಲ್ಲ. ಡಿಸೆಂಬರ್ ಚಳಿಗೆ ಮಂಕಿ ಕ್ಯಾಪು, ದಪ್ಪ ಕನ್ನಡಕ, ಸ್ವೆಟರು ತೊಟ್ಟು ನೇರ ಮೂಲೆಗೆ ನಡೆದರು. ಹಾರ ನೋಡಿದರು. ದೀಪ ನೋಡಿದರು. ಕೊಡೆಯ ಹಿಡಿ ಬಿಗಿಯಾಯಿತು.

ಚಪ್ಪಲಿ ಬಿಟ್ಟ ಹೆಂಗಸು ಒಮ್ಮೆ ಫೋಟೋ ನೋಡಿ, ಒಮ್ಮೆ ಇವರನ್ನು ನೋಡಿ, "ನಿಮ್ಮಣ್ಣನವರಾ ಸಾರ್?" ಎಂದರು.

ಮೇಷ್ಟ್ರು ಮತ್ತೊಮ್ಮೆ ಫೋಟೋದ ಕಡೆ ನೋಡಿದರು.

"ಹತ್ತಿರದವರು," ಎಂದರು.

"ನೋಡಿದ್ರೇನೇ ಗೊತ್ತಾಗತ್ತೆ ಬಿಡಿ. ಯಾರಿಗೂ ಒಂದು ಮಾತು ಗಟ್ಟಿಯಾಗಿ ಅಂದವರಲ್ಲ."

"ಇಲ್ಲ," ಎಂದು ಮೇಷ್ಟ್ರು ಕೊಡೆಯನ್ನು ಬೆನ್ನ ಹಿಂದಕ್ಕೆ ಸರಿಸಿದರು.

"ಅಂಥವರೇ ಬೇಗ ಹೋಗೋದು. ಸಮಾಧಾನ ಮಾಡ್ಕೊಳಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಹೆಂಗಸು ಕೈ ಮುಗಿದು ಅತ್ತ ಹೋದದ್ದೇ ತಡ, ಆತ್ರೇಯ ಓಡಿಬಂದ. "ತಪ್ಪಾಯ್ತು ಮೇಷ್ಟ್ರೇ, ಈಗ್ಲೇ ತೆಗೀತೀನಿ."

ಹಾರದತ್ತ ಚಾಚಿದ ಅವನ ಕೈಗೆ ಕೊಡೆ ಅಡ್ಡ ಬಂತು.

"ಎಷ್ಟು ದಿನ ಇರತ್ತಯ್ಯಾ ಇದು?"

"ನಾಳೆ ಕೂಡ ಇದೆ ಮೇಷ್ಟ್ರೇ."

ಮೇಷ್ಟ್ರು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಫೋಟೋದ ಪಕ್ಕಕ್ಕೆ ಎಳೆದುಕೊಂಡು ಕೂತರು. ಹಾಲ್ ಮುಚ್ಚುವವರೆಗೂ ಏಳಲಿಲ್ಲ. ಬಂದವರೆಲ್ಲ ಒಂದೊಂದು ಒಳ್ಳೆಯ ಮಾತು ಹೇಳಿ ಹೋದರು. ಮೇಷ್ಟ್ರು ಎಲ್ಲಕ್ಕೂ ಹೌದು ಹೌದೆಂದು ತಲೆಯಾಡಿಸಿದರು.

ಮರುದಿನ ಆತ್ರೇಯ ಎಲ್ಲರಿಗಿಂತ ಮೊದಲು ಬಂದು ಬಾಡಿದ ಹಾರ ತೆಗೆದು ಬಿಸಾಕಿದ. ದೀಪವನ್ನು ವೇದಿಕೆಯ ಹಿಂದಕ್ಕೆ ಸಾಗಿಸಿದ. ಫೋಟೋ ಈಗ ಬರೀ ಫೋಟೋ ಆಯಿತು. ಸೂರ್ಯಾಸ್ತದ ಮುಂದೆ ಮತ್ತೆ ನೂಕುನುಗ್ಗಲು. ಮಧ್ಯಾಹ್ನದವರೆಗೆ ಮೂಲೆಗೆ ಬಂದವಳು ಒಬ್ಬಳೇ ಹುಡುಗಿ. ಫೋನನ್ನು ಚಾರ್ಜಿಗೆ ಹಾಕಿ, ಫೋಟೋದ ಕಡೆ ತಿರುಗಿಯೂ ನೋಡದೆ ಹೋದಳು. ಕ್ಯಾಮೆರಾಕ್ಕೆ ಎಷ್ಟು ಬರಬಹುದೆಂದು ಆತ್ರೇಯ ಲೆಕ್ಕ ಹಾಕತೊಡಗಿದ.

ಆಗ ಮೇಷ್ಟ್ರು ಒಳಗೆ ಬಂದರು. ಇಸ್ತ್ರಿ ಮಾಡಿದ ಪಂಚೆ. ಮಂಕಿ ಕ್ಯಾಪು ಹುಬ್ಬಿನವರೆಗೆ ಇಳಿದಿತ್ತು. ಇವತ್ತು ಕೊಡೆ ಇರಲಿಲ್ಲ, ಕೈಯಲ್ಲೊಂದು ಬಾಳೆಲೆಯ ಪೊಟ್ಟಣವಿತ್ತು. ಅದನ್ನು ಆತ್ರೇಯನ ಕೈಗಿಟ್ಟು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ನಿನ್ನೆದು ಬಾಡಿರತ್ತೆ ಅಂತ ತಂದೆ. ನನಗೆ ಅಷ್ಟೆತ್ತರ ಕೈ ಎಟಕಲ್ಲ, ನೀನೇ ಹಾಕು."