ತಿಬೋ ದಾಟಬಾರದು

“ಬಂದ! ಅಯ್ಯೋ, ಬೆನ್ನಿಗೇ ತಿಬೋನೂ ಬಂದ!”

ಗೊಡೆಲೀವ್ ಬಿಸಿನೀರಿನ ಕೆಟಲನ್ನು ಎದೆಗವಚಿಕೊಂಡು ಬೇಲಿಯ ಮೇಲೆ ಬಗ್ಗಿದಳು. ಮರಳ ದಿಬ್ಬದ ನೆತ್ತಿಯಲ್ಲಿ ಮೊದಲು ಕಂಡದ್ದು ಗಂಡನ ಕೆಂಪು ಅಂಗಿ, ಅದರ ಮೇಲೆ ಅವರದೇ ಮಾಂಸದಂಗಡಿಯ ಹಂದಿಮೂತಿ. ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಫಿರ್ಮಿನ್ ಏದುಸಿರು ಬಿಡುತ್ತ ಓಡುತ್ತಿದ್ದ. ಅವನ ಮುಂದೆ ಬರೀ ಹಿಮ. ಹಿಂದೆ, ದಿಬ್ಬದ ಬುಡದಲ್ಲಿ, ತಿಬೋನ ನೀಲಿ ಅಂಗಿ.

ಸಮುದ್ರದ ಕಡೆಯಿಂದ ಬೀಸುವ ಗಾಳಿ ಕಿವಿ ಕತ್ತರಿಸುವಂತಿತ್ತು. ನಿನ್ನೆಯ ಕೆಸರು ರಾತ್ರಿಯಲ್ಲಿ ಹೆಪ್ಪುಗಟ್ಟಿ ಕಲ್ಲಾಗಿತ್ತು. ಬೆಳಗಿನಿಂದ ಎಷ್ಟೋ ಜನ ಕೈಕಾಲು ಮರಗಟ್ಟಿ ಸೈಕಲ್ ಪೈಪೋಟಿ ಬಿಟ್ಟು ಸೂಪಿನ ಡೇರೆ ಸೇರಿದ್ದರು. ಫಿರ್ಮಿನ್ ಬಿಟ್ಟಿರಲಿಲ್ಲ. ಬಿಡುವ ಹಾಗೂ ಇರಲಿಲ್ಲ.

ಕಾರಣ ಅವಳ ಅಪ್ಪ ಓಮೇರ್. ಊರಿನ ಕೆಫೆ ಅವನದು. ಅದರ ಒಂದು ಗೋಡೆಯ ತುಂಬ ಊರಿನ ಸೈಕಲ್ ವೀರರ ಫೋಟೋಗಳು. ಅಳಿಯನದು ಮಾತ್ರ ಇಲ್ಲ. ನಿನ್ನೆ ಮುದುಕ ಎಲ್ಲರ ಮುಂದೆ, ಬಿಯರಿನ ನೊರೆ ಮೀಸೆಯಲ್ಲಿರುವಾಗಲೇ, ತೀರ್ಪು ಕೊಟ್ಟಿದ್ದ: “ನಾಳೆ ಆ ತಿಬೋ ನಿನ್ನ ಗಂಡನನ್ನ ದಾಟದೇ ಹೋದ್ರೆ ಫೋಟೋ ಗೋಡೆಗೆ. ದಾಟಿದ್ನೋ, ಸೈಕಲ್ಲು ಮೊಳೆಗೆ. ಆಮೇಲೆ ಸುಮ್ನೆ ಸಾಸೇಜು ಸುತ್ಕೊಂಡು ಬಿದ್ದಿರ್ಲಿ.”

ಫಿರ್ಮಿನ್ ಹೂಂ ಎಂದುಬಿಟ್ಟಿದ್ದ. ಕಳೆದ ಮೂರು ಚಳಿಗಾಲವೂ ಇದೇ ಕಥೆ. ಇನ್ನೇನು ಮುಗಿಯಿತು ಅನ್ನುವಾಗ ತಿಬೋ ಹಿಂದಿನಿಂದ ಬಂದು ಸರ್ರನೆ ದಾಟುತ್ತಿದ್ದ. ಆ ರಾತ್ರಿಗಳಲ್ಲಿ ಫಿರ್ಮಿನ್ ಊಟ ಮಾಡುತ್ತಿರಲಿಲ್ಲ. ಗೊಡೆಲೀವ್ ಅವನ ತಟ್ಟೆಯನ್ನು ಹಾಗೇ ಮುಚ್ಚಿಡುತ್ತಿದ್ದಳು.

ಫಿರ್ಮಿನ್ ಸೈಕಲ್ ಬದಲಿಸುವ ಪಟ್ಟಿಗೆ ನುಗ್ಗಿ ಮಂಜು ಮೆತ್ತಿದ ಸೈಕಲ್ಲನ್ನು ಅವಳತ್ತ ಎಸೆದು, ತೊಳೆದಿಟ್ಟ ಇನ್ನೊಂದನ್ನು ಹತ್ತಿದ.

“ಎಷ್ಟು ದೂರದಲ್ಲಿದಾನೆ?”

“ಹಿಂದೆ ನೋಡ್ಬೇಡ, ತುಳಿ!”

ಅವನು ಹೋದ. ತಿಬೋ ಸೈಕಲ್ಲನ್ನೂ ಬದಲಿಸದೆ ಬಾಣದ ಹಾಗೆ ಹಾದುಹೋದ. ಗೊಡೆಲೀವ್ ಹಲ್ಲು ಕಡಿದಳು.

ಕೆಟಲ್‌ನಲ್ಲಿ ಉಳಿದದ್ದು ಒಂದು ಲೋಟ. ಅವನು ಎಸೆದುಹೋದ ಸೈಕಲ್ಲಿನ ಹೆಪ್ಪುಗಟ್ಟಿದ ಗೇರಿಗೆ ಅದು ಸಾಲದು. ಎಲ್ಲರಿಗೆಂದು ಇಟ್ಟ ಬಿಸಿನೀರಿನ ಪೀಪಾಯಿಯಲ್ಲಿ, ಎಂದಿನಂತೆ, ಅವಳ ಸರದಿ ಬರುವಷ್ಟರಲ್ಲಿ ತಳದ ರಾಡಿಯಷ್ಟೇ ಉಳಿದಿತ್ತು.

“ಇಗೋ, ತಗೋಮ್ಮ.”

ಪಕ್ಕದ ಅಂಕಣದಿಂದ ಹಬೆಯಾಡುವ ಬಕೆಟ್ ಚಾಚಿದವನು ರೋಲಾಂಡ್. ತಿಬೋನ ಅಪ್ಪ! ಗೊಡೆಲೀವ್ ಬಕೆಟ್ಟಿಗೆ ಮೂಗು ಹಾಕಿ ಮೂಸಿದಳು.

“ಏನ್ ಹಾಕಿದೀಯಾ ಇದಕ್ಕೆ?”

“ಯೆನೇವರ್ ಸಾರಾಯಿ ಹಾಕೋಣ ಅಂದ್ಕೊಂಡೆ. ಆದ್ರೆ ಮನಸ್ಸು ಬರ್ಲಿಲ್ಲ, ನಾನೇ ಕುಡಿದ್ಬಿಟ್ಟೆ.”

“ತಮಾಷೆ ಬೇಡ. ನಿನ್ನ ಮಗ ಅಲ್ಲಿ ನನ್ನ ಗಂಡನನ್ನ ಅಟ್ಟಿಸ್ಕೊಂಡು ಹೋಗ್ತಿದಾನೆ, ನೀನಿಲ್ಲಿ ನೀರು ಕೊಡ್ತೀಯಾ?”

“ಒಂದು ಬಕೆಟ್ ನೀರಿಗೆ ನನ್ನ ಮಗ ಸೋಲ್ತಾನೇನೇ?” ರೋಲಾಂಡ್ ನಕ್ಕ. “ಆ ಹಂದಿಮೂತಿ ಅಂಗಿ ಗೆರೆ ದಾಟೋದನ್ನ ನೋಡ್ಬೇಕು ಅಂತ ನಂಗೂ ಆಸೆ.”

ಎಂಥ ಜಂಬ! ಆದರೂ ನೀರು ನೀರೇ. ಸುರಿದಳು. ಗೇರು ಕಟಕಟನೆ ಬಿಟ್ಟುಕೊಂಡಿತು.

ಕೊನೆಯ ಸುತ್ತಿನ ಗಂಟೆ ಢಣಢಣ ಬಾರಿಸಿದಾಗ ಫಿರ್ಮಿನ್ ಆಗಲೇ ಗೆರೆ ದಾಟಿ ಪೈನ್ ಮರಗಳ ಹಿಂದೆ ಮರೆಯಾಗಿದ್ದ. ಜನ ಕಹಳೆ ಊದಿದರು, ತಗಡು ಬಡಿದರು. ಆಲೂ ಕರಿಯುವ ಗಾಡಿಯವನೂ ಎಣ್ಣೆ ಬಿಟ್ಟು ಬೇಲಿಗೆ ಓಡಿಬಂದ. “ಫಿರ್ಮಿನ್! ಫಿರ್ಮಿನ್!” ತಿಬೋನ ಅಭಿಮಾನಿಗಳೂ ಕೂಗುತ್ತಿದ್ದರು, ಅವನ ಬಾವುಟವನ್ನೇ ಬೀಸುತ್ತ. ಕುಡಿದಿದ್ದಾರೆ, ಪಾಪ, ಅಂದುಕೊಂಡಳು ಗೊಡೆಲೀವ್.

ಮತ್ತೆ ದಿಬ್ಬ. ಮತ್ತೆ ಕೆಂಪಂಗಿ. ಈಗ ಇಬ್ಬರ ನಡುವೆ ಒಂದು ಸೈಕಲ್ಲಿನ ಜಾಗವೂ ಇರಲಿಲ್ಲ. ಫಿರ್ಮಿನ್ ಪಟ್ಟಿಗೆ ಬರಲಿಲ್ಲ, ನೇರ ಗೆರೆಯತ್ತ ಹೊರಟ. ಹಿಮದ ಮೇಲೆ ಒಮ್ಮೆ ಜಾರಿದ. ಅವನು ಒಂದು ಕಾಲು ನೆಲಕ್ಕೊತ್ತಿ ಹೇಗೋ ಸಂಭಾಳಿಸಿಕೊಂಡ.

ಗೆರೆಯ ಪಕ್ಕದಲ್ಲಿ ತೀರ್ಪುಗಾರ ಸೀಟಿಯನ್ನು ತುಟಿಗಿಟ್ಟು, ಕಣ್ಣು ಪಿಳುಕಿಸದೆ ಫಿರ್ಮಿನ್‌ನನ್ನೇ ನೋಡುತ್ತಿದ್ದ.

“ತುಳಿಯೋ, ನನ್ನಪ್ಪಾ, ತುಳಿಯೋ!”

ಒಂದು ಗೇಣು. ಬರೀ ಒಂದು ಗೇಣು ಮುಂದೆ, ಫಿರ್ಮಿನ್‌ನ ಚಕ್ರ ಗೆರೆ ದಾಟಿತು.

ಗೊಡೆಲೀವ್ ಕೆಟಲನ್ನು ಗಾಳಿಗೆಸೆದು ಅತ್ತುಬಿಟ್ಟಳು. ರೋಲಾಂಡ್ ಬೇಲಿ ಹಾರಿ ಬಂದು ಅವಳನ್ನು ತಬ್ಬಿಕೊಂಡ. ಅವನ ಕಣ್ಣಲ್ಲೂ ನೀರು. ಆಚೆ ಕಡೆ ಓಮೇರ್ ಟೋಪಿ ತೆಗೆದು, “ಆಯ್ತು ಕಣೇ, ಗೋಡೇಲಿ ಜಾಗ ಮಾಡ್ತೀನಿ!” ಎಂದು ಕಿರುಚಿದ.

ಗೆರೆಯಲ್ಲಿ ತಿಬೋ ಎರಡೂ ಕೈ ಎತ್ತಿದ್ದ. ಯಾರೋ ಅವನ ಕೊರಳಿಗೆ ಗೆದ್ದವನ ಹೂಮಾಲೆ ಹಾಕಿದರು. ತೀರ್ಪುಗಾರ ಸೀಟಿಯನ್ನು ಜೇಬಿಗಿಳಿಸಿದ, ಮೊದಲ ಬಾರಿಗೆ ಅದನ್ನು ಫಿರ್ಮಿನ್‌ಗಾಗಿ ಊದದೆ. ಒಂದಿಡೀ ಸುತ್ತು ಹಿಂದೆ ಬಿದ್ದು, ಎಲ್ಲರಿಗಿಂತ ಮುಂದಿರುವವನಿಂದ ದಾಟಿಸಿಕೊಂಡವರನ್ನು ಕಣದಿಂದ ಹೊರಗಟ್ಟುವುದಕ್ಕೆ ಇದ್ದದ್ದು ಆ ಸೀಟಿ.

ಎಲ್ಲರಿಗಿಂತ ಕೊನೆಯವನಾದ ಫಿರ್ಮಿನ್ ನಿಲ್ಲಲಿಲ್ಲ. ಅವನಿಗೆ ಇನ್ನೂ ಒಂದು ಸುತ್ತು ಬಾಕಿಯಿತ್ತು, ಮತ್ತು ಈ ಸಲ ಅದನ್ನು ಮುಗಿಸಲು ಅವನನ್ನು ಬಿಟ್ಟಿದ್ದರು.