ಕ್ಯಾಪ್ಟನ್‌ಗೆ ತೆಗೆದ ದೃಷ್ಟಿ

ಎಲ್ಲಿಂದಲಾದರೂ ಸುಟ್ಟ ಮೆಣಸಿನಕಾಯಿಯ ಘಾಟು ಬಂದರೆ ನಾನು ಇವತ್ತಿಗೂ ಕೆಮ್ಮನ್ನು ತಡೆಹಿಡಿಯುತ್ತೇನೆ. ಸುರಪುರದ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಕಲಿತದ್ದು ಅದು.

ವರ್ಷಗಟ್ಟಲೆ ನಡೆದ ಆಕಾಶನೌಕೆಯ ಧಾರಾವಾಹಿ ನೋಡಲು ಓಣಿಯ ಮಂದಿ ನಮ್ಮಲ್ಲೇ ಸೇರುತ್ತಿದ್ದರು. ಎರಡು ವಾರದಿಂದ ಅದರ ಕ್ಯಾಪ್ಟನ್ ಜ್ವರ ಬಂದು ಮಲಗಿದ್ದ. ಬೇರೆ ಗ್ರಹದ, ಹಸಿರು ಮುಖದ ಡಾಕ್ಟರ್ ಅವನ ಪಕ್ಕದಿಂದ ಏಳುತ್ತಿರಲಿಲ್ಲ. ನಾನು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಅಂದು ಅಜ್ಜಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಟಿವಿಯ ಮುಂದೆ ನಿಂತಳು.

“ಯವ್ವಾ, ಟಿವ್ಯಾಗ ಇದ್ದವಗೂ ದೃಷ್ಟಿ ಆಗ್ತದೇನು?” ವಿಜ್ಞಾನದ ಮಾಸ್ತರರಾದ ಅಪ್ಪ ನಕ್ಕರು.

“ಇಷ್ಟು ಮಂದಿ ಕಣ್ಣ ಮುಚ್ಚದಂಗ ನೋಡಾಕತ್ತೀರಿ. ಆಗದ ಇರ್ತದೇನು?”

ಅಜ್ಜಿ ಮೂರು ಸಲ ನಿವಾಳಿಸಿ ಒಲೆಯ ಕೆಂಡಕ್ಕೆ ಹಾಕಿದಳು. ಘಾಟು ಏಳದಿದ್ದರೆ ಅದು ದೃಷ್ಟಿ, ಇಳಿದುಹೋಗುತ್ತದೆ; ಯಾರಾದರೂ ಕೆಮ್ಮಿದರೆ ಅದು ನಿಜವಾದ ಜ್ವರ ಎಂಬುದು ಅವಳ ನಂಬಿಕೆ. ಕ್ಯಾಪ್ಟನ್ ಬದುಕಬೇಕೆಂದು ಓಣಿಯೆಲ್ಲ ಸೆರಗು, ಟವೆಲು ಬಾಯಿಗೆ ಒತ್ತಿಕೊಂಡು ಕಣ್ಣೀರು ಸುರಿಸುತ್ತ ಕೂತಿತು.

ಅಪ್ಪನೂ ಕೆಮ್ಮಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಪರದೆಯನ್ನೇ ನೋಡುತ್ತಿದ್ದವರು ಮೆಲ್ಲಗೆ ಹೇಳಿದರು: “ಯವ್ವಾ, ಆ ಡಾಕ್ಟರಗೂ ಒಂದ್ ಸಲ ತೆಗಿ. ಅವನ ಹಸಿರೂ ಮೊದಲಿನಂಗ ಉಳದಿಲ್ಲ.”